ಶಾಲೆಯ ಕೆಳಗಿನ ಹಗೇವು

ನಾನು ಕ್ವಾಂಟಿಟಿ ಸರ್ವೇಯರ್ ಎಂದರೆ ಆಳಂದದ ನನ್ನ ಬೀಗರು ಇವತ್ತಿಗೂ ಹೊಲದ ಬದುವಿನ ಜಗಳ ತಂದು ಮುಂದಿಡುತ್ತಾರೆ. ನಾನು ಹೊಲ ಅಳೆಯುವವನಲ್ಲ. ಕಟ್ಟಡ ಏಳುವ ಮೊದಲು ಅದಕ್ಕೆಷ್ಟು ಕಲ್ಲು, ಕಬ್ಬಿಣ, ಸಿಮೆಂಟು ಬೇಕೆಂದು ಲೆಕ್ಕ ಹಾಕಿ, ಏಳುವಾಗ ಅಷ್ಟರಲ್ಲೇ ಮುಗಿಯುವಂತೆ ಕಾಯುವವನು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಪೂಜಾರಿ ನಾನೇ ಎಂದು ಜನ ತಿಳಿದಿದ್ದಾರೆ. ವರ ನನ್ನ ಕೈಯಲ್ಲಿದ್ದರೆ ತಾನೇ ಕೊಡುವುದು!

ಸರಸಂಬಾದ ಕಡೆಯ ಒಂದು ಹಳ್ಳಿಯ ಶಾಲೆಗೆ ಎರಡು ಕೋಣೆ, ಹುಡುಗಿಯರಿಗೊಂದು ಶೌಚಾಲಯ ಮಂಜೂರಾಗಿತ್ತು. ಹೆಡ್ ಟೀಚರಮ್ಮನ ಜೀವವೆಲ್ಲ ಆ ಶೌಚಾಲಯದ ಮೇಲೆ. ಮೊದಲ ದಿನವೇ ನನ್ನನ್ನು ಪಕ್ಕಕ್ಕೆ ಕರೆದು, "ಸರ್, ನಮ್ಮ ಹುಡುಗ್ಯಾರು ಮುಂಜಾನಿಂದ ನೀರ ಕುಡಿಯಂಗಿಲ್ರಿ. ಕುಡಿದ್ರ ಎಲ್ಲಿಗಿ ಹೋಗಬೇಕ್ರಿ?" ಎಂದಿದ್ದರು. ನನಗೂ ಮನೆಯಲ್ಲಿ ಮಗಳಿದ್ದಾಳೆ.

ಜಾಗ ಕೊಟ್ಟವರು ಊರಿನ ಒಬ್ಬ ಅಜ್ಜ. ಅವರ ಮೊಮ್ಮಗಳು ಅದೇ ಶಾಲೆಯಲ್ಲಿ ಏಳನೇ ತರಗತಿ. ಅಂದಾಜು ಮಾಡುವಾಗ ಎಲ್ಲರಿಗೂ ಕೇಳುವ ಪ್ರಶ್ನೆಯನ್ನೇ ಅವರಿಗೂ ಕೇಳಿದ್ದೆ.

"ಅಜ್ಜಾರ, ಇಲ್ಲಿ ನೆಲದಾಗ ಹಳೇ ಬಾವಿ, ಹಗೇವು ಏನರ ಅದಾವೇನ್ರಿ?"

"ಏನೂ ಇಲ್ರಿ ಸಾಹೇಬರ. ಗಟ್ಟಿ ಮೊರಂ ಅದ."

ಪರೀಕ್ಷೆಗೆಂದು ತೋಡಿಸಿದ ಗುಂಡಿಯಲ್ಲೂ ಗಟ್ಟಿ ಮೊರಂ ಮಣ್ಣೇ ಬಂತು. ನಂಬಿದೆ.

ಪಾಯ ತೋಡುವ ದಿನ ಜೆಸಿಬಿಯ ಹಲ್ಲು ಒಂದು ಮೂಲೆಯಲ್ಲಿ ಚಪ್ಪಡಿಗೆ ತಾಗಿತು. ಎತ್ತಿದರೆ ಒಳಗೆ ಕತ್ತಲು, ಹಳೇ ಜೋಳದ ಮುಗ್ಗು ವಾಸನೆ. ಕಾಳು ತುಂಬಿಡಲು ಹಿಂದಿನವರು ನೆಲದೊಳಗೆ ತೋಡಿದ ಹಗೇವು! ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟೇ, ಒಳಗೆ ಒಂದು ಕೋಣೆಯಷ್ಟು ಅಗಲ. ನನಗೆ ಮೈಯೆಲ್ಲ ಉರಿದುಹೋಯಿತು.

"ಯಾಕ್ ಹೇಳಲಿಲ್ರಿ ಅಜ್ಜಾರ?"

ಅಜ್ಜ ತಲೆ ತಗ್ಗಿಸಿದರು. "ಹಗೇವಿನ ಜಾಗಾ ಹೊರಗಿನವರಿಗಿ ಹೇಳಬಾರದಂತ ನಮ್ಮಪ್ಪ ಹೇಳಿದ್ನರಿ. ಲೂಟಿ ಕಾಲದಾಗ ಅದರಿಂದನೇ ನಮ್ಮನಿ ಉಳದಿತ್ತು. ನೀವು ಕೇಳಿದ್ರಿ, ಬಾಯಿ ತಾನ ಇಲ್ಲ ಅಂದಬಿಡ್ತು."

ಕಾಳು ಖಾಲಿಯಾಗಿ ಒಂದು ಕಾಲವೇ ಆಗಿತ್ತು, ಗುಟ್ಟು ಮಾತ್ರ ಉಳಿದಿತ್ತು. ಇಂಥವರ ಮೇಲೆ ಸಿಟ್ಟಾದರೂ ಹೇಗೆ ಮಾಡುವುದು?

ಟೊಳ್ಳು ನೆಲದ ಮೇಲೆ ಗೋಡೆ ಎಬ್ಬಿಸಲಾಗದು. ತಳದಿಂದ ಕಲ್ಲು, ಕಾಂಕ್ರೀಟು ತುಂಬಲೇಬೇಕು. ಆದರೆ ಮಂಜೂರಾದ ಹಣ ಅಷ್ಟೇ. ನೆಲದ ಕೆಳಗೆ ಹೆಚ್ಚಿಗೆ ಹೋದದ್ದನ್ನು ನೆಲದ ಮೇಲಿಂದ ಕಳೆಯಬೇಕು. ಏನು ಕಳೆಯುವುದೆಂದು ಹೇಳಬೇಕಾದವನು ನಾನು. ಅಳೆದೂ ಸುರಿದೂ ನೋಡಿದೆ. ಸುಣ್ಣಬಣ್ಣ ಬಿಟ್ಟರೂ ಸಾಲದು. ಛಾವಣಿಯ ಕಬ್ಬಿಣಕ್ಕೆ ಕೈ ಹಚ್ಚಿದರೆ ನಾಳೆ ಮಕ್ಕಳ ತಲೆಗೇ ಬರುತ್ತದೆ. ಉಳಿದದ್ದು ಶೌಚಾಲಯವೊಂದೇ. ಮೇಲಿನ ಇಂಜಿನಿಯರ್ ಸಾಹೇಬರಿಗೆ ಫೋನಿನಲ್ಲಿ ಅಂಗಲಾಚಿದೆ.

"ಇದ್ದುದ್ರಾಗ ಮುಗಸ್ರಿ. ಸಂಡಾಸ ಮುಂದ ನೋಡೋಣು," ಅಂದರು.

ಆ 'ಮುಂದ' ಎಂಬುದನ್ನು ಅಫಜಲಪುರದಲ್ಲಿ, ಜೇವರ್ಗಿಯಲ್ಲಿ ಎಷ್ಟೋ ಕಡೆ ಕಾದಿದ್ದೇನೆ. ಅದು ಬಂದದ್ದನ್ನು ನಾನಂತೂ ಕಂಡಿಲ್ಲ. ಹೆಡ್ ಟೀಚರಮ್ಮನಿಗೆ ಹೇಳಿದಾಗ ಅವರು ಜಗಳ ತೆಗೆಯಲಿಲ್ಲ, ಹಾಜರಿ ಪುಸ್ತಕ ಎತ್ತಿಕೊಂಡು ತರಗತಿಗೆ ಹೋದರು. ನಾಲ್ಕು ಮಾತು ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಹಗೇವು ತುಂಬಿಸಿದ ದಿನ, ಶಾಲೆ ಬಿಟ್ಟ ಮೇಲೆ, ಅಜ್ಜ ಮೊಮ್ಮಗಳನ್ನು ಕರೆದುಕೊಂಡು ಬಂದರು. ಶೌಚಾಲಯ ರದ್ದಾದ ಸುದ್ದಿ ಅವರಿಗೂ ಮುಟ್ಟಿತ್ತು. ನನ್ನ ಕೈ ಹಿಡಿದು ಬೇವಿನ ಗಿಡದ ಬುಡಕ್ಕೆ ಒಯ್ದು, ಸುತ್ತ ನೋಡಿ, ಕಾಲಿನಿಂದ ನೆಲ ತಟ್ಟಿದರು.

"ಇನ್ನೊಂದು ಹಗೇವು ಇಲ್ಲಿ ಅದರಿ. ನನ್ನ ಮಗನಿಗೂ ಹೇಳಿಲ್ಲ. ಈಗರ ಖರೇ ಹೇಳೀನಲ್ರಿ ಸಾಹೇಬರ, ಹುಡುಗ್ಯಾರ ಸಂಡಾಸ ಮತ್ತ ಬರಕೋರಿ."

ಅವರು ತಮ್ಮ ಸುಳ್ಳಿಗೆ ಶಿಕ್ಷೆಯಾಗಿದೆ ಎಂದೇ ತಿಳಿದಿದ್ದರು. ಅದು ಶಿಕ್ಷೆಯಲ್ಲ, ಬರೀ ಲೆಕ್ಕ ಎಂದು ಯಾವ ಬಾಯಿಂದ ಹೇಳಲಿ? ಕರವಸ್ತ್ರ ತೆಗೆದು ಮುಖ ಒರೆಸಿಕೊಂಡೆ. ಬಿಸಿಲಿಗೆ ಬಳಲಿದ್ದೇನೆ ಎಂದುಕೊಂಡಳೇನೋ, ಮೊಮ್ಮಗಳು ಚೀಲದಿಂದ ನೀರಿನ ಬಾಟಲಿ ತೆಗೆದು ಮುಂದೆ ಹಿಡಿದಳು. ಮುಂಜಾನೆ ಮನೆಯಿಂದ ತಂದ ನೀರು ಕಂಠದವರೆಗೆ ಹಾಗೇ ಇತ್ತು.

"ಎಲ್ಲಾ ಕುಡೀರಿ ಸರ್," ಅಂದಳು, "ನಾ ಹೆಂಗೂ ಕುಡಿಯಂಗಿಲ್ರಿ."