ಮೊದಲ ಕೊಡ

ಎರಡು ವಾರದ ಹಿಂದಿನ ಮಾತು. ಸಿಂಧನೂರಿನ ನಮ್ಮ ಮನೆ ಮುಂದಿನ ಗಟಾರದ ಪಕ್ಕ ಪ್ಲಂಬರ್ ಖಾಜಾ ಭಾಯಿ ಕುಕ್ಕರಗಾಲಲ್ಲಿ ಕೂತು, ನೆಲದಿಂದ ಅಗೆದು ತೆಗೆದ ನಳದ ಪೈಪನ್ನು ಬರಿಗೈಯಲ್ಲಿ ಬಗ್ಗಿಸಿದ.

ಕಬ್ಬಿಣದ ಪೈಪು ಕೈಗೆ ಬಗ್ಗುತ್ತದೆಯೇ? ಇಲ್ಲ. ಪ್ಲಾಸ್ಟಿಕ್ಕಾದರೆ ಬಿಟ್ಟ ಕೂಡಲೇ ನೆಟ್ಟಗಾಗುತ್ತದೆ. ಇದು ಬಗ್ಗಿಸಿದಂತೆಯೇ ನಿಂತುಬಿಟ್ಟಿತು.

"ಸಾಹೇಬ್ರ, ಇದನ್ನ ಯಾವ ಪುಣ್ಯಾತ್ಮ ಹಾಕ್ಯಾನ್ರಿ?"

"ನಮ್ಮಪ್ಪ."

ಖಾಜಾ ಭಾಯಿ ಕೆಮ್ಮಿದ. "ಹಿರ್ಯಾರು ಗಟ್ಟಿ ಸಾಮಾನ ಹಾಕ್ಯಾರ ಬಿಡ್ರಿ."

ಚಾಕುವಿನಿಂದ ಕೆರೆದ. ಬೂದಿ ಬಣ್ಣದ ಮೈಯೊಳಗಿಂದ ಹೊಸ ಬೆಳ್ಳಿಯಂಥ ಹೊಳಪು ಎದ್ದಿತು. ಚೀಲದಿಂದ ಆಯಸ್ಕಾಂತ ತೆಗೆದು ಹಿಡಿದ. ಅಂಟಲಿಲ್ಲ. "ಸೀಸ ಐತ್ರಿ ಇದು. ಬ್ಯಾಟರಿಯೊಳಗ ಇರತೈತಲ್ಲ, ಅದಽ."

ನಾನು ಕರೆಸಿದ್ದು ಬಾಗಿಲ ಬಳಿ ನೀರು ಜಿನುಗುತ್ತಿದೆ ಎಂದು, ಅಷ್ಟೇ. ಅಪ್ಪ ಈ ಪೈಪಿನ ಕಥೆ ಹೇಳುತ್ತಿದ್ದುದು ಆಗ ನೆನಪಾಯಿತು. ಎಲ್ಲೋ ಹಳೇ ಮಿಲ್ಲೊಂದನ್ನು ಕೆಡವಿದಾಗ ಗುಜರಿಯವನ ಹತ್ತಿರ ಸಿಕ್ಕಿದ್ದಂತೆ. ಬೀದಿಯಿಂದ ಬರುವ ಪೈಪನ್ನು ಗಟಾರದ ಕೆಳಗೆ ಇಳಿಸಿ, ಬಂಡೆ ಸುತ್ತಿಸಿ ಮೇಲೆ ತರಬೇಕಿತ್ತು. ಇದು ಬೇಕಾದಂತೆ ಬಗ್ಗಿತು. ಒಂದೂ ಜಾಯಿಂಟ್ ಬೇಕಾಗಲಿಲ್ಲ. ಅಪ್ಪನಿಗೆ ಅದೊಂದು ಹೆಮ್ಮೆ.

"ನೀವು ಇಷ್ಟು ವರ್ಷ ಕುಡದೀರಿ. ಏನಾಗೇತ್ರಿ ನಿಮಗ?" ಎಂದ ಖಾಜಾ ಭಾಯಿ, ಸಮಾಧಾನಕ್ಕೆ.

ನಾನೂ ಹಾಗೆಯೇ ಅಂದುಕೊಂಡು ಸುಮ್ಮನಾಗುತ್ತಿದ್ದೆನೋ ಏನೋ. ಆದರೆ ಒಳಗೆ ಮಗಳು ಸುಜಾತಾ ಇದ್ದಳು. ಮಸ್ಕಿಯ ಗಂಡನ ಮನೆಯಿಂದ ಚೊಚ್ಚಲ ಹೆರಿಗೆಗೆ ಬಂದು ಮೂರು ವಾರವಾಗಿತ್ತು. ಏಳು ತಿಂಗಳು. ಸೀಸವೆಂದರೆ ವಿಷ, ಹೊಟ್ಟೆಯೊಳಗಿನ ಕೂಸಿನ ಮಿದುಳಿಗೇ ಮೊದಲ ಪೆಟ್ಟು.

ಇಲ್ಲಿ ನಮ್ಮ ಓಣಿಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ನಳ ಬರುವುದು ಐದು ದಿನಕ್ಕೊಮ್ಮೆ. ಬಂದದ್ದು ಯಾವಾಗ ನಿಲ್ಲುತ್ತದೋ ಯಾರಿಗೂ ಗೊತ್ತಿಲ್ಲ. ಹಾಗಾಗಿ ಮೊದಲ ಕೊಡ ಕುಡಿಯಲಿಕ್ಕೆ. ಆಮೇಲಿನದು ಅಡುಗೆಗೆ, ಸ್ನಾನಕ್ಕೆ. ಕೊನೆಯದು ಬಟ್ಟೆಗೆ, ಅಂಗಳಕ್ಕೆ. (ನಿಮ್ಮ ಮನೆಯಲ್ಲೂ ಹೀಗೇ ಇರಬಹುದು.) ನೀರಿಲ್ಲದ ಊರಿನವರು ಕಲಿತ ಜಾಣತನ ಇದು. ಯಾರು ತಪ್ಪೆನ್ನುತ್ತಾರೆ?

ಮೂರು ವಾರದಿಂದ ಆ ಮೊದಲ ಕೊಡ ಸುಜಾತಾಳಿಗೆ ಮೀಸಲು. ನನ್ನ ಹೆಂಡತಿ ಅದನ್ನು ಕಾಯಿಸಿ, ಆರಿಸಿ, ಬಿಳಿ ಬಟ್ಟೆಯಲ್ಲಿ ಸೋಸಿ ಕೊಡುತ್ತಿದ್ದಳು. ಮಸ್ಕಿಯಲ್ಲಿ ಮಗಳು ಕುಡಿಯುತ್ತಿದ್ದದ್ದು ಫಿಲ್ಟರ್ ಪ್ಲಾಂಟಿನ ಕ್ಯಾನ್ ನೀರು. ಇಲ್ಲಿ ಅದು ನಡೆಯಲಿಲ್ಲ. "ಪ್ಲಾಂಟ್ ನೀರು ಸಪ್ಪಗ ಇರತೈತಿ. ಅದನ್ನ ಕುಡದ್ರ ಕೂಸಿಗೆ ಏನ್ ಶಕ್ತಿ ಬರತೈತಿ?" ಎಂದು ತಾಯಿಯ ವಾದ. ನಾನೂ ಅವಳ ಪಕ್ಷ. ನೀರಲ್ಲಿ ಕರಗಿದ ಲವಣವನ್ನು ಅಳೆಯಲು ಆನ್‌ಲೈನಲ್ಲಿ ತರಿಸಿದ, ಪೆನ್ನಿನಂತಿರುವ ಟಿಡಿಎಸ್ ಮೀಟರನ್ನು ಅದ್ದಿ, ಬಂದ ಅಂಕಿಯನ್ನು ಮಗಳಿಗೆ ತೋರಿಸಿ, "ನೋಡವ್ವಾ, ಎಷ್ಟು ಚೊಲೊ ನೀರು" ಎಂದಿದ್ದೆ.

ಆ ಮೀಟರಿಗೆ ಸೀಸ ಇಷ್ಟಿದೆ ಎಂದು ಹೇಳಲು ಬರುವುದಿಲ್ಲ. ಕಾಯಿಸಿದರೆ ಕ್ರಿಮಿ ಸಾಯುತ್ತವೆ, ಸೀಸ ಹೋಗುವುದಿಲ್ಲ. ನೀರು ಆವಿಯಾಗಿ ಕಡಿಮೆಯಾದಷ್ಟೂ ಅದು ಉಳಿದ ನೀರಲ್ಲಿ ಹೆಚ್ಚುತ್ತದೆ. ಸೋಸುವ ಬಟ್ಟೆಯಲ್ಲಂತೂ ಅದು ನಿಲ್ಲುವುದೇ ಇಲ್ಲ. ಇನ್ನು ಮೊದಲ ಕೊಡ? ಗಟಾರದ ಕೆಳಗಿನ ತಗ್ಗಿನಲ್ಲಿ, ಆ ಪೈಪಿನೊಳಗೆ, ಐದು ದಿನ ನಿಂತ ನೀರು ಆ ಕೊಡಕ್ಕೇ ಬೀಳುತ್ತಿತ್ತು. ಬಟ್ಟೆ ಒಗೆಯುವ ನೀರೇ ಅದಕ್ಕಿಂತ ಎಷ್ಟೋ ಶುದ್ಧ.

ನನ್ನದು ಪತ್ರಿಕೆಯ ಕೆಲಸ. ಡೆಸ್ಕಿನಲ್ಲಿ ಕೂತು 'ಕಲುಷಿತ ನೀರು ಪೂರೈಕೆ' ಎಂಬ ತಲೆಬರಹವನ್ನು ಎಷ್ಟು ಸಲ ಕೊಟ್ಟಿದ್ದೇನೋ ಲೆಕ್ಕವಿಲ್ಲ. ರಾಡಿ ನೀರು, ಹುಳ, ವಾಸನೆ. ಬಾಟಲಿ ಎತ್ತಿ ಹಿಡಿದವರ ಫೋಟೊ. ಸೀಸದ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಫೋಟೊ ಹೇಗೆ ತೆಗೆಯುತ್ತೀರಿ? ಆ ಸುದ್ದಿಗಳಲ್ಲೆಲ್ಲ ನಾವು ಬೆರಳು ತೋರಿಸಿದ್ದು ಊರಿನ ನೀರಿನ ಟ್ಯಾಂಕಿನ ಕಡೆಗೆ. ಬೀದಿಯ ಲೈನಿನಿಂದ ಮನೆಯ ನಲ್ಲಿಯವರೆಗಿನ ಆ ಕೆಲವು ಮೊಳ ನಮ್ಮದು. ಅದರ ಬಗ್ಗೆ ಒಂದು ಸಾಲನ್ನೂ ಬರೆಯಲಿಲ್ಲ.

ಮರುದಿನ ಡಾಕ್ಟರ್ ಹತ್ತಿರ ಹೋದೆವು. ಅವರು ಗಾಬರಿಪಡಿಸಲಿಲ್ಲ, ತಳ್ಳಿಹಾಕಲೂ ಇಲ್ಲ. "ಆ ನೀರು ಇವತ್ತಿಂದ ಬಂದ್ ಮಾಡ್ರಿ. ರಕ್ತ ಟೆಸ್ಟಿಗೆ ಕಳಸೋಣು" ಎಂದರು.

"ಕೂಸಿಗೆ?" ಎಂದಳು ನನ್ನ ಹೆಂಡತಿ.

"ತಾಯಿ ರಕ್ತದಾಗ ಇದ್ರ ಕೂಸಿಗೂ ಹೋಗತೈತಮ್ಮ. ಅದಕ್ಕಽ ಟೆಸ್ಟು."

ಆಟೊ ಮನೆ ಹತ್ತಿರ ಬಂದಾಗ ಹೆಂಡತಿಯದು ಒಂದೇ ಮಾತು: "ನಾನಽ ಕೈಯಾರೆ ಕುಡಿಸೀನಿ."

"ಯವ್ವಾ, ತಿಳದು ಕುಡಿಸಿದಿಯೇನು? ಸುಮ್ಕಿರು" ಎಂದಳು ಸುಜಾತಾ. "ಮಸ್ಕಿಗೆ ಮಾತ್ರ ಹೇಳಬ್ಯಾಡ್ರಿ. ನಮ್ಮತ್ತಿ ಕ್ಯಾನ್ ಹೊತ್ಕೊಂಡು ಮೊದಲ್ನೇ ಬಸ್ಸಿಗಽ ಬಂದುಬಿಡತಾಳ."

ನಾವು ನಕ್ಕೆವು. ನಗು ಬಹಳ ಹೊತ್ತು ನಿಲ್ಲಲಿಲ್ಲ.

ವರದಿ ಬರಲು ಒಂದು ವಾರ. ಅಷ್ಟರಲ್ಲಿ ಲಿಂಗಸುಗೂರಿನ ಹಳೇ ಗೆಳೆಯನಿಗೆ ಫೋನ್ ಮಾಡಿ, ನಿಮ್ಮ ಮನೆಯ ಪೈಪು ಯಾವುದು ಎಂದು ಕೇಳಿದೆ. "ಯಾವುದಂದ್ರ? ನೆಲದಾಗ ಐತಿ" ಎಂದ. ಅವನ ಟೈಲ್ಸ್ ಎಲ್ಲಿಯದು ಕೇಳಿ, ಊರು-ಅಂಗಡಿ ಸಮೇತ ಹೇಳುತ್ತಾನೆ. ಮನೆಗೆ ನೀರು ತರುವ ಪೈಪು ಮಾತ್ರ 'ನೆಲದಾಗ ಐತಿ'. ಅವನನ್ನು ಏನೆನ್ನಲಿ? ಹದಿನೈದು ದಿನದ ಹಿಂದೆ ಕೇಳಿದ್ದರೆ ನನ್ನ ಉತ್ತರವೂ ಅದೇ.

ನಮ್ಮ ಊರುಗಳಲ್ಲಿ ಸೀಸದ ಪೈಪು ಅಪರೂಪ. ಆದರೆ ಗುಜರಿ ಸಾಮಾನು, ಸೀಸದ ಬೆಸುಗೆ, ಅಗ್ಗದ ಹಿತ್ತಾಳೆ ನಲ್ಲಿ ಅಷ್ಟು ಅಪರೂಪವಲ್ಲ. ಒಂದು ಸಲ ಅಗೆದು, ಕೆರೆದು ನೋಡಲು ಅರ್ಧ ದಿನ ಸಾಕು. ಅನುಮಾನವಿದ್ದರೆ ಲ್ಯಾಬಿಗೆ ಒಂದು ಬಾಟಲಿ ನೀರು.

ವರದಿ ಬಂತು. ರಕ್ತದಲ್ಲಿ ಸೀಸ ಸದ್ಯಕ್ಕೆ ಹೆದರುವ ಮಟ್ಟದಲ್ಲಿಲ್ಲ, ತಿಂಗಳು ಬಿಟ್ಟು ಮತ್ತೊಮ್ಮೆ ನೋಡೋಣ ಎಂದರು ಡಾಕ್ಟರ್. ಮೂರೇ ವಾರಕ್ಕೆ ಗೊತ್ತಾದದ್ದು ಒಳ್ಳೆಯದಾಯಿತು ಎಂದೂ ಸೇರಿಸಿದರು. ಬಾಗಿಲ ಬಳಿ ನೀರು ಜಿನುಗದೇ ಇದ್ದಿದ್ದರೆ?

ಮೊನ್ನೆ ಬೆಳಿಗ್ಗೆ ನಳ ಬಂತು. ಪೈಪು ಹೊಸದು. ಆದರೆ ಐದು ದಿನ ನಿಂತ ನೀರು ನಿಂತ ನೀರೇ. ನಲ್ಲಿಯಲ್ಲಿ ಗಾಳಿಯ ಸದ್ದಾದ ಕೂಡಲೇ ನನ್ನ ಹೆಂಡತಿ ರೂಢಿಯಂತೆ ಕೊಡ ಇಟ್ಟಳು. ಒಂದು ಕ್ಷಣ ನಿಂತಳು. ಕೊಡ ಸರಿಸಿ, ನೆಲ ಒರೆಸುವ ಬಕೆಟ್ ಇಟ್ಟಳು.

ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ನೋಡುತ್ತಿದ್ದಳು. "ಅಲ್ಲಕ್ಕಾ, ಹಂತಾ ತಿಳಿ ನೀರು ಬಕೇಟಿಗೆ ಬಿಡಾಕತ್ತೀಯಲ್ಲ?"

ಅವಳ ಸೊಸೆ ಅದೇ ಹೊತ್ತಿಗೆ ತಮ್ಮ ನಲ್ಲಿಯ ಮೊದಲ ಕೊಡವನ್ನು ಹೊತ್ತು ಒಳಗೆ ಹೋಗುತ್ತಿದ್ದಳು.

ನಿಮ್ಮ ಮನೆಯಲ್ಲಿ ಮೊದಲ ಕೊಡ ಯಾರಿಗೆ?