ಕ್ಯಾಲೆಂಡರ್ ಉಡಿಸಿದ ಚಿತ್ರ

ಬಹರೈನ್ ವಿಮಾನ ನಿಲ್ದಾಣದ ಕಸ್ಟಮ್ಸ್ ಮೇಜಿನ ಮೇಲೆ ನನ್ನ ಪುಸ್ತಕ ಬಿಚ್ಚಿಕೊಂಡಿದೆ. 1819ರ ಯುರೋಪಿನ ಚಿತ್ರಕಲೆ, ಕಾವ್ಯಗಳ ಬಗ್ಗೆ ಬರೆದದ್ದು. ಇಲ್ಲಿನ ಹೂರಾ ಬಡಾವಣೆಯಲ್ಲಿರುವ ಮಗಳಿಗೆಂದು ತಂದದ್ದು.

"ಬತ್ತಲೆ ಚಿತ್ರ ಕಂಡ್ರೆ ಒಳಗೆ ಹಾಕ್ತಾರೆ ಮಾರಾಯ್ರೆ," ಅಂತ ಮಂಗಳೂರಿನಲ್ಲಿ ನೆರೆಯವರು ಹೆದರಿಸಿದ್ದರು. ಅದಕ್ಕೇ ಅಂಥ ಚಿತ್ರಗಳ ಮೇಲೆ ಹಳೇ ಕ್ಯಾಲೆಂಡರಿನ ತುಂಡು ಅಂಟಿಸಿದ್ದೆ.

ಅಧಿಕಾರಿ ಹೆಂಗಸು ಒಂದೊಂದೇ ಪುಟ ತಿರುಗಿಸುತ್ತಿದ್ದಳು. ಒಡೆದ ಹಡಗಿನ ಚಿತ್ರದ ಮೇಲೆ ಆಕೆಯ ಬೆರಳು ನಿಂತಿತು. ಅಲ್ಲಿ ಸತ್ತು ಬಿದ್ದವನ ಸೊಂಟಕ್ಕೆ ನಾನು ಏಕಾದಶಿ ಉಡಿಸಿದ್ದೆ. ಆಕೆ ಉಗುರಿನಿಂದ ಅದರ ಅಂಚು ಎಬ್ಬಿಸಿದಳು. ಚಿತ್ರದ ಬಣ್ಣವೂ ಜೊತೆಗೇ ಕಿತ್ತುಬಂತು.

"ಇಷ್ಟು ಒಳ್ಳೇ ಚಿತ್ರ ಹಾಳು ಮಾಡಿದ್ದು ಯಾರು?" ಇಂಗ್ಲಿಷಿನಲ್ಲಿ ಕೇಳಿದಳು.

ಮೂವತ್ತು ವರ್ಷ ಡ್ರಾಯಿಂಗ್ ಮಾಸ್ಟ್ರಾಗಿದ್ದವನು ನಾನು. ಪಕ್ಕದಲ್ಲಿ ನಿಂತಿದ್ದ ಹೆಂಡತಿಯ ಕಡೆ ಕೈ ತೋರಿಸಿದೆ.