ಆರು ಮಂಕರಿ ಮಣ್ಣು

ನಾನು ಓದಿದ್ದು ಮೂರನೇ ಕ್ಲಾಸಿನವರೆಗೆ. ಕ್ರಿಕೆಟ್ ಆಟ ಇವತ್ತಿಗೂ ನನಗೆ ಸರಿಯಾಗಿ ಅರ್ಥವಾಗುವುದಿಲ್ಲ. ಆದರೂ ಬೆಂಗಳೂರಿಗೆ ಪರದೇಶದ ತಂಡವೊಂದು ಆಡಲು ಬಂದಾಗ ಆ ಆಟ ಕೆಡಿಸಿದವಳು ನಾನೇ ಎಂದು ಇಷ್ಟು ವರ್ಷ ನಂಬಿಕೊಂಡು ಬಂದಿದ್ದೇನೆ. ನಿಜವಾಗಿ ಕೆಡಿಸಿದೆನೋ ಇಲ್ಲವೋ ಅದೂ ಗೊತ್ತಿಲ್ಲ. ಗೊತ್ತಿರುವುದು ಇಷ್ಟೇ: ನನ್ನ ತಮ್ಮನಿಗೆ ಸಿಗಬೇಕಾಗಿದ್ದ ಕೆಲಸ ಸಿಗಲಿಲ್ಲ. ಅವನ ಪರವಾಗಿ ಬಾಯಿಬಿಡಬೇಕಾದ ಹೊತ್ತಿನಲ್ಲಿ ನಾನು ಸುಳ್ಳು ಹೇಳಿದೆ.

ಐವತ್ತರ ದಶಕ ಮುಗಿಯುತ್ತಿದ್ದ ಕಾಲ ಅದು. ಜಯನಗರ ಒಂದೊಂದೇ ಬ್ಲಾಕಾಗಿ ಏಳುತ್ತಿತ್ತು. ಅದರ ದಕ್ಷಿಣಕ್ಕೆ, ಕೋಣನಕುಂಟೆ ಕಡೆಗೆ ಹೋಗುವ ದಾರಿಯಲ್ಲಿ ನಮ್ಮ ಹಳ್ಳಿ. ನನ್ನನ್ನು ಅದೇ ಊರಿಗೆ ಕೊಟ್ಟಿದ್ದರಿಂದ ತವರಿಗೂ ಗಂಡನ ಮನೆಗೂ ನಡುವೆ ಎರಡೇ ಬೀದಿ. ಅಪ್ಪನ ಹೊಲದಲ್ಲಿ ಸರ್ವೆಯವರು ಬಂದು ಕಲ್ಲು ನೆಟ್ಟು ಹೋಗಿದ್ದರು. ಹೊಲ ಬಡಾವಣೆಗೆ ಹೋಗುತ್ತದೆ, ಇನ್ನು ಒಂದೋ ಎರಡೋ ಬೆಳೆ ಅಷ್ಟೇ ಎಂದು ಊರಿಗೆಲ್ಲ ತಿಳಿದಿತ್ತು. ಅಪ್ಪ ಮಾತ್ರ ಏನೂ ಆಗಿಲ್ಲವೆಂಬಂತೆ ಆ ಕಲ್ಲುಗಳನ್ನು ಸುತ್ತುಹಾಕಿಕೊಂಡು ನೇಗಿಲು ಹೊಡೆಯುತ್ತಿದ್ದರು. ತಮ್ಮನಿಗೆ ಆಗ ಇಪ್ಪತ್ತನಾಲ್ಕು ವರ್ಷ. ಮಣ್ಣು ಮತ್ತು ಎತ್ತು ಬಿಟ್ಟರೆ ಅವನಿಗೆ ಬೇರೆ ವಿದ್ಯೆ ಇರಲಿಲ್ಲ. ಹೊಲ ಹೋದಮೇಲೆ ಇವನ ಗತಿ ಏನು ಎಂಬುದು ಅವ್ವನ ಒಂದೇ ಕೊರಗು.

ಇಂಥ ಹೊತ್ತಿನಲ್ಲಿ ಪೇಟೆಯ ದೊಡ್ಡ ಮೈದಾನದ ಹೆಡ್ ಮಾಲಿ ಸೈಕಲ್ ತುಳಿದುಕೊಂಡು ನಮ್ಮೂರ ಕೆರೆಗೆ ಬಂದರು. ನರೆತ ಮೀಸೆ, ಖಾಕಿ ಚಡ್ಡಿ, ತಲೆಗೆ ಟವೆಲು. ಪರದೇಶದವರು ಬರುತ್ತಾರೆ, ಇಲ್ಲಿಯವರೆಗೆ ನಾರಿನ ಚಾಪೆ ಹಾಸಿ ಆಡುತ್ತಿದ್ದೆವು, ಈ ಸಲ ಮಣ್ಣಿನದೇ ಪಿಚ್ ಮಾಡಬೇಕಂತೆ, ಅದಕ್ಕೆ ಅಂಟು ಮಣ್ಣು ಹುಡುಕುತ್ತಿದ್ದೇನೆ ಎಂದರು. ಮೂರು ಕೆರೆ ನೋಡಿ ಬಂದಿದ್ದರು. ನನ್ನ ತಮ್ಮ ಅವರನ್ನು ಕೆರೆಯ ಮಧ್ಯದ ಒಣ ಅಂಗಳಕ್ಕೆ ಕರೆದುಕೊಂಡು ಹೋಗಿ, ಮೊಣಕಾಲುದ್ದ ಅಗೆದು, ಕೆಳಗಿನ ಕಪ್ಪು ಮಣ್ಣು ತೆಗೆದುಕೊಟ್ಟ. ಅವರು ಅದನ್ನು ಕಲಸಿ ನಿಂಬೆಹಣ್ಣಿನ ಗಾತ್ರದ ಉಂಡೆ ಕಟ್ಟಿ ಅಪ್ಪನ ಮನೆಯ ಜಗಲಿಯ ಮೇಲೆ ಬಿಸಿಲಿಗಿಟ್ಟು ಹೋದರು. ಎರಡು ದಿನ ಬಿಟ್ಟು ಬಂದು ಉಂಡೆಗಳನ್ನು ಚಪ್ಪಡಿಯ ಮೇಲೆ ಎತ್ತಿಹಾಕಿದರು. ಒಂದೂ ಒಡೆಯಲಿಲ್ಲ.

‘ಇಷ್ಟು ದೊಡ್ಡ ಕೆರೇಲಿ ಈ ಜಾಗಾನೇ ಅಂತ ಹೆಂಗಯ್ಯ ಹೇಳ್ದೆ?’ ಎಂದು ಕೇಳಿದರು.

‘ನೋಡುದ್ರೆ ಗೊತ್ತಾಯ್ತದಲ್ಲ ಸಾಮಿ’ ಎಂದ ತಮ್ಮ.

ಆ ಮಾತು ಅವರಿಗೆ ಹಿಡಿಸಿತು. ‘ಪಿಚ್ ಮೂರು ದಿನ ಚೆನ್ನಾಗಿ ನಿಂತ್ರೆ ನಿನ್ನನ್ನ ನಮ್ಮ ಸಾಹೇಬರ ಮುಂದೆ ನಿಲ್ಲಿಸ್ತೀನಿ. ಮೈದಾನದಲ್ಲಿ ಕಾಯಂ ಮಾಲಿ ಕೆಲಸ ಒಂದು ಖಾಲಿ ಇದೆ’ ಎಂದರು. ಅವ್ವ ಆ ದಿನವೇ ಬನಶಂಕರಿ ಗುಡಿಗೆ ಹರಕೆ ಕಟ್ಟಿಕೊಂಡಳು.

ಆಮೇಲೆ ಇಪ್ಪತ್ತು ದಿನ ತಮ್ಮನ ಗಾಡಿ ಕೆರೆಯಿಂದ ಮೈದಾನಕ್ಕೆ ಓಡಾಡಿತು. ಅಪ್ಪನಿಗೆ ಈ ಕೆಲಸದ ತಲೆಬುಡ ಅರ್ಥವಾಗುತ್ತಿರಲಿಲ್ಲ. ಒಂದು ದಿನ ಊಟಕ್ಕೆ ಕೂತಾಗ ಕೇಳಿದರು:

‘ಅಷ್ಟು ಮಣ್ಣು ಹಾಕಿ, ಜರಡಿ ಹಿಡಿದು, ನೀರು ಕಟ್ಟಿ, ಏನ್ಲಾ ಬಿತ್ತಾರೆ ಅಲ್ಲಿ?’

‘ಏನೂ ಬಿತ್ತಲ್ಲ ಕಣಪ್ಪ. ರೋಲರ್ ಗುಂಡು ಎಳ್ದು ಕಲ್ಲಂಗೆ ಮಾಡ್ತಾರೆ.’

‘ಕಲ್ಲಂಗೆ ಮಾಡದಾದ್ರೆ ಕಲ್ಲೇ ಹಾಸ್ಬೋದಲ್ಲ. ನಮ್ಮೊಲದಲ್ಲಿ ಬೇಕಾದಷ್ಟು ನೆಟ್ಟವ್ರೆ, ಕಿತ್ಕೊಂಡೋಗಿ.’

ತಮ್ಮ ನಗುತ್ತ ನಗುತ್ತ ಮುದ್ದೆ ನೆತ್ತಿಗೇರಿಸಿಕೊಂಡ. ಆ ದಿನಗಳಲ್ಲಿ ಅವನು ತುಂಬ ನಗುತ್ತಿದ್ದ.

ಕೊನೆಯ ಗಾಡಿಯ ಮಣ್ಣು ಎಲ್ಲಕ್ಕಿಂತ ನಯವಾಗಿರಬೇಕಿತ್ತು. ಅದು ಪಿಚ್ಚಿನ ಒಂದು ತುದಿಗೆ, ಮೈದಾನದಂಚಿನ ಮರ ಇರುವ ಕಡೆಯ ತುದಿಗೆ, ಮೇಲುಪದರವಾಗಿ ಹಾಕುವ ಮಣ್ಣು. ತಮ್ಮ ಮತ್ತು ನಾನು ಎರಡು ದಿನ ಕೂತು ಸಣ್ಣ ಕಣ್ಣಿನ ಜರಡಿಯಲ್ಲಿ ಜಾಲಿಸಿ ತವರಿನ ಹಿತ್ತಿಲಲ್ಲಿ ಗುಡ್ಡೆ ಹಾಕಿದೆವು. ಅವನು ಅದರ ಮೇಲೆ ಗೋಣಿತಾಟು ಮುಚ್ಚಿ, ‘ಅಕ್ಕ, ಕೋಳಿ ಕೆರೀದಂಗೆ ನೋಡ್ಕ, ನಾಳೆ ತುಂಬ್ತೀನಿ’ ಎಂದು ಹೇಳಿ ಮೈದಾನಕ್ಕೆ ಗುಂಡು ಎಳೆಯಲು ಹೋದ.

ಅವತ್ತು ನನ್ನ ಮನೆಯಲ್ಲಿ ಅತ್ತೆ ಒಲೆಯ ಮುಂದೆ ಕೂತು ಗೊಣಗುತ್ತಿದ್ದರು. ಒಲೆ ಬಿರುಕು ಬಿಟ್ಟು ಎರಡು ತಿಂಗಳಾಗಿತ್ತು. ಬಿರುಕಿನಿಂದ ಉರಿ ಹೊರಗೆ ಬಂದು ಅವರ ಸೆರಗಿನ ತುದಿ ಸುಟ್ಟಿತ್ತು.

‘ಊರ ಕೆರೆ ಮಣ್ಣೆಲ್ಲ ಬಿಳೀ ಜನದ ಕಾಲಡಿಗೆ ಹೋಯ್ತಾ ಐತೆ’ ಎಂದರು. ‘ಹೊರೋಳು ಯಾರು, ನನ್ ಸೊಸೆ. ಜಾಲ್ಸೋಳು ಯಾರು, ನನ್ ಸೊಸೆ. ನಮ್ಮೊಲೆ ಮಾತ್ರ ಹಲ್ಲು ಕಿರ್ಕೊಂಡು ಕುಂತೈತೆ. ನಿನ್ ತಮ್ಮನ್ನೇ ಕೇಳವ್ವ, ಒಲೆ ಮೇಲೂ ಚೆಂಡಾಡ್ತಾರಾ ಅಂತ. ಹಂಗಾದ್ರೂ ಒಂದು ಮಂಕರಿ ಹಾಕಾನು.’

ನನಗೆ ನಗು ಬಂತು, ಸಿಟ್ಟೂ ಬಂತು. ಅತ್ತೆಯ ಮೇಲೆ ಬಂದ ಸಿಟ್ಟೆಂದು ಆಗ ಅಂದುಕೊಂಡಿದ್ದೆ. ಈಗ ನೋಡಿದರೆ ಅದು ತಮ್ಮನ ಮೇಲೆ ಇತ್ತೇನೋ. ಅವ್ವ ಅಪ್ಪ ಊರವರು ಎಲ್ಲರ ಬಾಯಲ್ಲೂ ಅವನದೇ ಮಾತು, ಎರಡು ದಿನ ಜರಡಿ ಹಿಡಿದು ನನ್ನ ರಟ್ಟೆ ಬಿದ್ದುಹೋಗಿದ್ದನ್ನು ಯಾರೂ ಕೇಳಲಿಲ್ಲ. ಕೆರೆಯ ಮಧ್ಯಕ್ಕೆ ಹೋಗಿ ನನ್ನ ಒಲೆಗೆಂದು ಬೇರೆ ಅಗೆಯಬಹುದಿತ್ತು. ಆದರೆ ಜಾಲಿಸಿದ ಮಣ್ಣು ಹಿತ್ತಿಲಲ್ಲೇ ಸಿದ್ಧವಾಗಿತ್ತು. ತಲೆಯ ಮೇಲೆ ಬುಟ್ಟಿ ಹೊತ್ತು ಆರು ಮಂಕರಿ ತಂದೆ. ಒಲೆಗೆ ಎರಡು ಸಾಕಾಗಿತ್ತು. ಉಳಿದ ನಾಲ್ಕರಲ್ಲಿ ಅತ್ತೆಮನೆಯ ಜಗಲಿ ಮೆತ್ತಿದೆ.

ಗುಡ್ಡೆ ಇಳಿದದ್ದು ಎದ್ದು ಕಾಣುತ್ತಿತ್ತು. ಹತ್ತಿರವೇ ಅಗಸರು ಬಟ್ಟೆ ಒಗೆಯುತ್ತಿದ್ದ ಕೆರೆಯ ಅಂಚಿನಲ್ಲಿ ಬೂದು ಬಣ್ಣದ ಚೌಳು ಮಣ್ಣಿತ್ತು. ಅದನ್ನು ಆರು ಮಂಕರಿ ತಂದು, ಅದೇ ಜರಡಿಯಲ್ಲಿ ಜಾಲಿಸಿ, ಗುಡ್ಡೆಯೊಂದಿಗೆ ಕಲಸಿ, ನೀರು ಚಿಮುಕಿಸಿ ಗೋಣಿ ಮುಚ್ಚಿದೆ. ಒದ್ದೆಯಾದಮೇಲೆ ಬಣ್ಣ ಒಂದೇ ಆಗಿತ್ತು. ಚೌಳು ಒಣಗಿದರೆ ಉಬ್ಬಿ ಪುಡಿಯಾಗುತ್ತದೆಂದು ನನಗೆ ಗೊತ್ತಿರಲಿಲ್ಲವೆಂದರೆ ಅದೂ ಸುಳ್ಳು. ಗೊತ್ತಿತ್ತು. ಹುಲ್ಲು ಬೆಳೆಯುವ ಮೈದಾನಕ್ಕೆ ತಾನೇ, ಇಷ್ಟರಿಂದ ಏನಾಗುತ್ತದೆ ಎಂದುಕೊಂಡೆ. ಮಾರನೇ ದಿನ ತಮ್ಮ ಗಾಡಿ ತುಂಬಿಕೊಂಡು ಹೋದ.

ಆಟದ ಮೊದಲ ದಿನ ಮನೆಯವರೆಲ್ಲ ಗಾಡಿ ಕಟ್ಟಿಕೊಂಡು ಹೊರಟೆವು. ನಾನು ಮದುವೆಯ ಸೀರೆ ಉಟ್ಟಿದ್ದೆ. ರೊಟ್ಟಿ, ಹುಚ್ಚೆಳ್ಳು ಚಟ್ನಿ ಕಟ್ಟಿಕೊಂಡಿದ್ದೆವು. ಬಸವನಗುಡಿ ದಾಟಿದಮೇಲೆ ದಾರಿಯುದ್ದಕ್ಕೂ ಜನ. ಹೋಟೆಲುಗಳ ಮುಂದೆ ರೇಡಿಯೋ ಕೇಳಲು ಸೂಟುಬೂಟಿನವರೂ ನಿಂತಿದ್ದರು. ಮೈದಾನದ ಹತ್ತಿರ ಪೊಲೀಸಿನವನೊಬ್ಬ ಗಾಡಿ ತಡೆದ. ಎತ್ತಿನ ಗಾಡಿ ಇಲ್ಲಿಂದ ಮುಂದೆ ಬಿಡುವುದಿಲ್ಲ ಎಂದ.

‘ಇಪ್ಪತ್ತು ದಿನದಿಂದ ಇದೇ ಗಾಡಿ ಒಳಗೋಗಿ ಬತ್ತಿತ್ತಲ್ಲಪ್ಪ’ ಎಂದರು ಅಪ್ಪ.

‘ಆಗ ಮಣ್ಣಿತ್ತು. ಈಗ ನೀವಿದ್ದೀರಿ’ ಎಂದ ಅವನು.

ತಮ್ಮ ಬಂದು ನಮ್ಮನ್ನು ಮಾಲಿಗಳ ಶೆಡ್ಡಿನ ಪಕ್ಕ ಕೂರಿಸಿದ. ಅಲ್ಲಿಂದ ಮರದ ಕಡೆಯ ತುದಿ ಚೆನ್ನಾಗಿ ಕಾಣುತ್ತಿತ್ತು. ಪರದೇಶದವರು ಮೊದಲು ಆಡಿದರು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಬಿಸಿಲೇರಿದಂತೆ ಆ ತುದಿಯಲ್ಲಿ ಚೆಂಡು ಬಿದ್ದಲ್ಲೆಲ್ಲ ಹೊಗೆಯಂತೆ ದೂಳು ಏಳತೊಡಗಿತು. ಒಂದು ಚೆಂಡು ನೆಲಕ್ಕೆ ಅಂಟಿಕೊಂಡಂತೆ ಹೋಯಿತು. ಮುಂದಿನದು ಎಗರಿ ಆಟಗಾರನ ಎದೆಗೆ ಬಡಿಯಿತು. ಅವನು ಕೂತುಬಿಟ್ಟ. ಆದರೆ ಸುತ್ತಲಿನ ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಿದ್ದರು. ಒಬ್ಬರ ಹಿಂದೆ ಒಬ್ಬರು ಪರದೇಶದವರು ಬ್ಯಾಟು ಹಿಡಿದುಕೊಂಡು ವಾಪಸು ನಡೆದರು. ಯಾರೋ ಶೆಡ್ಡಿನ ಕಡೆ ತಿರುಗಿ, ‘ಭೇಷ್, ಒಳ್ಳೇ ಮಣ್ಣು ಹಾಕಿದ್ದೀರಯ್ಯ’ ಎಂದು ಕೂಗಿದರು. ತಮ್ಮ ಹಲ್ಲು ಬಿಟ್ಟುಕೊಂಡು ನಮ್ಮ ಕಡೆ ನೋಡಿದ. ಹೆಡ್ ಮಾಲಿ ಮಾತ್ರ ಟವೆಲನ್ನು ತಲೆಯಿಂದ ಬಿಚ್ಚಿ ಕೈಯಲ್ಲಿ ಹಿಂಡುತ್ತಿದ್ದರು. ಚಪ್ಪಾಳೆಯನ್ನು ನಂಬಬೇಕೋ ಅವರ ಮುಖವನ್ನು ನಂಬಬೇಕೋ ನನಗೆ ತಿಳಿಯಲಿಲ್ಲ.

ಮಧ್ಯಾಹ್ನದ ಮೇಲೆ ನಮ್ಮವರು ಆಡಿದರು. ಅದೇ ತುದಿ, ಅದೇ ದೂಳು. ಈಗ ನಮ್ಮವರು ನಡೆದು ಬರತೊಡಗಿದರು. ಬೆಳಗ್ಗೆ ಚಪ್ಪಾಳೆ ತಟ್ಟಿದವರೇ, ‘ಯಾವನಯ್ಯ ಈ ಪಿಚ್ ಮಾಡಿದ್ದು, ರಾಗಿ ಕಣ ಆಗೋಯ್ತಲ್ಲ’ ಎಂದು ಬೈದರು. ಅವ್ವ ನನ್ನ ಕಿವಿಯಲ್ಲಿ, ‘ಈಗ ನಮ್ಮುಡ್ಗಂಗೆ ಕೆಲ್ಸ ಸಿಕ್ತದಾ ಇಲ್ವಾ?’ ಎಂದಳು.

ಮೂರು ದಿನದ ಆಟ ಎರಡನೇ ದಿನಕ್ಕೇ ಮುಗಿಯಿತು. ಪರದೇಶದವರು ಗೆದ್ದರು. ಕ್ಷೌರದ ಅಂಗಡಿಯಲ್ಲಿ ಎರಡು ಪೇಪರು ಬರುತ್ತಿತ್ತು. ತಮ್ಮ ಎರಡನ್ನೂ ಓದಿಸಿಕೊಂಡು ಬಂದ. ಅತಿಥಿಗಳನ್ನು ಕರೆಸಿ ದೂಳಿನಲ್ಲಿ ಆಡಿಸಿದೆವು, ನಾಚಿಕೆಗೇಡು ಎಂದು ಒಂದು ಬರೆದಿತ್ತಂತೆ. ಇಂಥ ಪಿಚ್ಚಿನ ಮೇಲೆ ಆಡಲು ಬಾರದ ನಮ್ಮವರಿಗೇ ನಾಚಿಕೆಯಾಗಬೇಕು ಎಂದು ಇನ್ನೊಂದು. ‘ಹಂಗಾದ್ರೆ ಮಣ್ಣು ಚೆಂದಾಗಿತ್ತು ಅಂತಲೋ ಇಲ್ಲ ಅಂತಲೋ ಅಕ್ಕ?’ ಎಂದು ನನ್ನನ್ನು ಕೇಳಿದ.

ವಾರ ಕಳೆದು ಹೆಡ್ ಮಾಲಿ ಮತ್ತೆ ಸೈಕಲ್ಲಿನಲ್ಲಿ ಬಂದರು. ನಾನು ಅವತ್ತು ತವರಿನಲ್ಲಿ ಅವ್ವನ ಜೊತೆ ಅವರೆಕಾಯಿ ಬಿಡಿಸುತ್ತಿದ್ದೆ. ಅವರು ಜಗಲಿಯ ಮೇಲೆ ಕೂತು ನೀರು ಕುಡಿದು ತಮ್ಮನನ್ನು ನೇರವಾಗಿ ಕೇಳಿದರು.

‘ಒಂದು ತುದಿ ನಿಂತಿತು, ಇನ್ನೊಂದು ಎದ್ದುಹೋಯ್ತು. ಕೊನೇ ಗಾಡೀಲಿ ಬೇರೆ ಮಣ್ಣು ಬೆರೆಸಿದ್ಯೇನಯ್ಯ?’

‘ಇಲ್ಲ ಸಾಮಿ. ಒಂದೇ ಗುಂಡಿ ಮಣ್ಣು. ನಮ್ಮಕ್ಕನ ಮ್ಯಾಲಾಣೆ. ಬೇಕಾದ್ರೆ ಅವಳ್ನೇ ಕೇಳಿ, ಜತೇಲಿ ಜರಡಿ ಹಿಡ್ದೋಳು.’

‘ಏನಮ್ಮ?’ ಎಂದು ಅವರು ನನ್ನ ಕಡೆ ತಿರುಗಿದರು.

ಬೆರಕೆ ಎಂದರೆ ಇವನನ್ನು ಮೋಸಗಾರ ಎನ್ನುತ್ತಾರೆ ಎಂಬುದಷ್ಟೇ ನನಗೆ ಹೊಳೆದದ್ದು. ನನ್ನ ಮಾನದ ಯೋಚನೆಯೂ ಇತ್ತು, ಅತ್ತೆಮನೆಗೆ ಗೊತ್ತಾಗುತ್ತದೆಂಬ ಹೆದರಿಕೆಯೂ ಇತ್ತು. ಯಾವುದು ಮೊದಲು ಬಂತೆಂದು ಈಗ ಹೇಳಲಾರೆ.

‘ಒಂದೇ ಮಣ್ಣು ಸಾಮಿ’ ಎಂದೆ.

ಅವರು ನೀರು ಕುಡಿದ ಲೋಟವನ್ನು ಪಕ್ಕಕ್ಕೆ ಸರಿಸಿದರು. ‘ಬೆರಕೆ ಆಗಿತ್ತು ಅಂದಿದ್ರೆ ಸಾಹೇಬರಿಗೆ ಏನಾದ್ರೂ ಹೇಳ್ಕೋಬಹುದಿತ್ತು. ಗುಂಡಿ ಒಂದೇ ಅಂದ್ರೆ ಇವನಿಗೆ ಮಣ್ಣು ಗೊತ್ತಾಗಲಿಲ್ಲ ಅಂತಾಯ್ತು. ನನಗೂ ಗೊತ್ತಾಗಲಿಲ್ಲ ಅಂತಾಯ್ತು. ನನ್ನ ಕೆಲಸ ಉಳೀತು, ವಯಸ್ಸಾಗಿದೆ ಅಂತ ಬಿಟ್ರು. ಇವನಿಗೆ ಅಂತ ಮತ್ತೆ ಹೋಗಿ ಕೇಳೋ ಮುಖ ನನಗಿಲ್ಲ’ ಎಂದರು. ಬಾಯಿ ತೆರೆಯಲು ನನಗೆ ಆಗಲೂ ಸಮಯವಿತ್ತು. ಅವರು ಸೈಕಲ್ಲಿನ ಸ್ಟ್ಯಾಂಡು ತೆಗೆದು, ಟೈರು ಒತ್ತಿ ನೋಡಿ, ಓಣಿ ದಾಟುವವರೆಗೂ ಸಮಯವಿತ್ತು. ನಾನು ಕಾಯಿ ಬಿಡಿಸುತ್ತಲೇ ಇದ್ದೆ.

ತಮ್ಮ ಸಿಟ್ಟಾಗಿದ್ದರೆ ನನಗೆ ಸಲೀಸಾಗುತ್ತಿತ್ತು. ಅವನು ಕೆರೆಗೆ ಹೋಗಿ ತಾನು ಅಗೆದ ಗುಂಡಿಯಲ್ಲಿ ಇಳಿದು ಕೂತಿದ್ದ ಎಂದು ದನ ಮೇಯಿಸುವವರು ಹೇಳಿದರು. ಮರುವರ್ಷ ಹೊಲ ಹೋಯಿತು. ಅವನು ಜಯನಗರದಲ್ಲಿ ಮನೆ ಕಟ್ಟುವಲ್ಲಿ ಗಾರೆ ಹೊರುವ ಕೆಲಸಕ್ಕೆ ಸೇರಿದ. ಅಲ್ಲಿ ಪಾಯ ತೆಗೆಯುವಾಗ, ‘ಈ ನೆಲ ಗಟ್ಟಿಯಾ?’ ಎಂದು ಬೇರೆಯವರನ್ನು ಕೇಳುತ್ತಾನೆ ಎಂದು ನನ್ನ ಗಂಡ ಬಂದು ಹೇಳಿದಾಗ ನನಗೆ ತಡೆಯಲಾಗಲಿಲ್ಲ. ಆದರೂ ತಕ್ಷಣ ಹೋಗಿ ಹೇಳಲಿಲ್ಲ. ನಾಲ್ಕು ವರ್ಷ ಕಳೆದಮೇಲೆ ಒಂದು ಮಧ್ಯಾಹ್ನ ನಾಲ್ಕನೇ ಬ್ಲಾಕಿನಲ್ಲಿ ಅವನು ಕೆಲಸ ಮಾಡುತ್ತಿದ್ದ ಮನೆಯನ್ನು ಹುಡುಕಿಕೊಂಡು ಹೋದೆ. ಅವನು ಇಟ್ಟಿಗೆಯ ರಾಶಿಯ ಮೇಲೆ ಕೂತು ಬೀಡಿ ಹಚ್ಚುವುದರಲ್ಲಿದ್ದ. ನನ್ನನ್ನು ಕಂಡು ಬೀಡಿ ಎಸೆದ.

ಎಲ್ಲ ಹೇಳಿದೆ. ಆರು ಮಂಕರಿ ತೆಗೆದದ್ದು, ಅಗಸರ ಕಡೆಯ ಚೌಳು ತಂದು ಕಲಸಿದ್ದು, ಜಗಲಿಯ ಮೇಲೆ ಸುಳ್ಳು ಹೇಳಿದ್ದು. ಹೇಳುವಾಗ ಅವನು ನನ್ನನ್ನು ಹೊಡೆಯಲಿ ಎಂದೂ ಅನ್ನಿಸಿತು.

ಅವನು ನಕ್ಕ. ‘ಸುಮ್ಕಿರಕ್ಕ, ನನ್ ಸಮಾದಾನಕ್ಕೆ ಅಂತ ಏನೇನೋ ಹೇಳ್ಬೇಡ.’

‘ದೇವರಾಣೆ ಕಣೋ.’

‘ಆ ಗಾಡಿ ಮಣ್ಣ ಹರವಿದ್ದು ಯಾರು? ನಾನೇ ತಾನೆ, ಇದೇ ಕೈಲಿ, ಮಂಡಿಯೂರ್ಕೊಂಡು. ಅಷ್ಟು ಚೌಳು ಬೆರೆತಿದ್ರೆ ನನ್ ಕೈಗೆ ಗೊತ್ತಾಯ್ತಿರ್ಲಿಲ್ವಾ?’

ಈ ಪ್ರಶ್ನೆ ನಾನು ಯೋಚಿಸಿಯೇ ಇರಲಿಲ್ಲ. ಹೌದು, ಗೊತ್ತಾಗಬೇಕಿತ್ತು. ಗೊತ್ತಾಗಲಿಲ್ಲವೆಂದರೆ ಅವನ ಕೈಯೇ ಸೋತಿತೆಂದು ನಾನು ಎದುರಿಗೆ ನಿಂತು ಹೇಳಿದಂತೆ. ಗೊತ್ತಾಗಿತ್ತು ಎಂದರೆ, ಯಾರು ಬೆರೆಸಿದ್ದಾರೆಂದು ತಿಳಿದೂ ಸುಮ್ಮನೆ ಹರವಿದ, ನನ್ನ ಮೇಲೆ ಆಣೆ ಇಟ್ಟು ನನ್ನನ್ನು ಉಳಿಸಿದ ಎಂದಾಯಿತು. ಇಲ್ಲವೇ ನನ್ನ ಆರು ಮಂಕರಿಗೆ ಅಷ್ಟು ಶಕ್ತಿಯೇ ಇರಲಿಲ್ಲ, ಪಿಚ್ ಬೇರೆ ಯಾವುದೋ ಕಾರಣಕ್ಕೆ ಎದ್ದಿತ್ತು. ಅವನ ಮುಖ ನೋಡಿದೆ. ಅವನು ನನ್ನ ಉತ್ತರಕ್ಕೆ ಕಾಯುತ್ತಿದ್ದ. ಯಾವ ಉತ್ತರಕ್ಕೆ ಎಂದು ತಿಳಿಯಲಿಲ್ಲ.

‘ಗೊತ್ತಾಯ್ತಿತ್ತು ಬುಡು’ ಎಂದೆ.

‘ಮತ್ತೆ?’ ಎಂದ.

ಅಷ್ಟರಲ್ಲಿ ಮೇಸ್ತ್ರಿ ಮೇಲಿನಿಂದ ಗಾರೆ ತರಲು ಕೂಗಿದ. ನಾನು ಹಾಗೆ ಹೇಳಿದ್ದರಿಂದ ಅವನಿಗೆ ನಿರಾಳವಾಯಿತೋ, ತಪ್ಪು ತನ್ನದಲ್ಲವೆಂಬ ಕಡೆಯ ಆಸೆಯೂ ಹೋಯಿತೋ ನೋಡೋಣವೆಂದರೆ, ಅವನು ಆಗಲೇ ಬಾಂಡ್ಲಿ ತಲೆಗೇರಿಸಿಕೊಂಡು ಬೆನ್ನು ತಿರುಗಿಸಿ ಏಣಿ ಹತ್ತುತ್ತಿದ್ದ.